ಕಾಳಿನ ಕೋಣೆಯಲ್ಲಿ ಹೇಳದೆ ಉಳಿದ ‘ಒಂದು’

ಹೋದ ತಿಂಗಳು ಟ್ರಂಕಿನ ತಳದಲ್ಲಿದ್ದ ಹಳೆಯ ಕೌದಿಯನ್ನು ಒಗೆಯಲೆಂದು ಹೊರಗೆ ತೆಗೆದೆ. ನನ್ನ ತಾಯಿ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದು ನನ್ನ ಮದುವೆಯಲ್ಲಿ ಕೊಟ್ಟ ಕೌದಿ ಅದು. ಮಡಿಕೆ ಬಿಚ್ಚಿದ ಕೂಡಲೇ ಜೋಳದ ಹೊಟ್ಟು, ಒಣಗಿದ ಬೇವಿನ ಎಲೆ, ಬೆವರು, ಮೂರೂ ಕೂಡಿದ ವಾಸನೆ ಮೂಗಿಗೆ ಬಂತು. ಇಷ್ಟು ವರ್ಷವಾದರೂ ಹೋಗಿಲ್ಲ. ಬಕೆಟ್ಟಿಗೆ ಹಾಕುವ ಬದಲು ತೊಡೆಯ ಮೇಲಿಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಂದು ಮಳೆಗಾಲ ಪೂರ್ತಿ, ಆಷಾಢದಿಂದ ಭಾದ್ರಪದದವರೆಗೆ, ನಸುಕಿನಲ್ಲಿ ಎದ್ದು ನಾನು ಇದೇ ಕೌದಿಯ ಮುಸುಕಿನೊಳಗೆ ಕುಳಿತು ಅಂಕಿ ಹೇಳಿದ್ದೇನೆ. ಹೇಳಬೇಕಾದ ಒಂದೇ ಒಂದು ಅಂಕಿಯನ್ನು ಮಾತ್ರ ಹೇಳಲಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಾವು ಆಗಲೂ ಇದೇ ಬೈಲಹೊಂಗಲದ ಮನೆಯಲ್ಲಿದ್ದೆವು. ನಮ್ಮ ಮನೆಯವರು ಅರಳೆ ಮಿಲ್ಲಿನಲ್ಲಿ ಕಾರಕೂನರು. ಅತ್ತೆ ಇದ್ದರು. ನಾದಿನಿ ನೀಲಾ ಇದ್ದಳು. ನೀಲಾಗೆ ನಾಲ್ಕು ವರ್ಷವಿದ್ದಾಗ ಬಂದ ಜ್ವರದಲ್ಲಿ ಎರಡೂ ಕಣ್ಣು ಹೋಗಿದ್ದವು. ನಾನು ಸೊಸೆಯಾಗಿ ಬಂದಾಗ ಅವಳಿಗೆ ಹನ್ನೊಂದು. ತಲೆ ಬಾಚಿ ಹೆರಳು ಹಾಕಿ ಬೆಳೆಸಿದವಳು ನಾನೇ ಅಂದರೆ ತಪ್ಪಾಗಲಿಕ್ಕಿಲ್ಲ. ನನಗೆ ಮಕ್ಕಳಾಗಲಿಲ್ಲ. ಶಿವ ಒಂದನ್ನು ಕೊಡದಿದ್ದರೂ ಇದೊಂದನ್ನು ಕೊಟ್ಟ ಎಂದು ಸೋಮವಾರ ಸೋಮವಾರ ಪತ್ರಿ ಏರಿಸುವಾಗ ಎಣಿಸುತ್ತಿದ್ದೆ.

ಆ ವರ್ಷ ನೀಲಾ ಹುಬ್ಬಳ್ಳಿಯಲ್ಲಿ ಅಂಧರಿಗೆ ಕಂಪ್ಯೂಟರ್ ಕಲಿಸುವ ಒಂದು ಕೇಂದ್ರದಲ್ಲಿ ಕಲಿಕೆ ಮುಗಿಸಿ ಮನೆಗೆ ಬಂದಿದ್ದಳು. ಜೊತೆಗೆ ಒಂದು ಹಳೆಯ ಕಂಪ್ಯೂಟರ್ ಬಂದಿತ್ತು, ದಸರೆ ಮುಗಿಯುವವರೆಗೆ ಇಟ್ಟುಕೊಳ್ಳಲು ಅವಳ ಸರ್ ಕೊಟ್ಟದ್ದು. ಅವರಿಗೂ ಕಣ್ಣಿಲ್ಲ. ದಸರೆಯಾದ ಎರಡು ದಿನಕ್ಕೆ ಧಾರವಾಡದಲ್ಲಿ ಒಂದು ಕೂಟ ಇದೆ, ಕಲಿತವರೆಲ್ಲ ತಾವು ಮಾಡಿದ್ದನ್ನು ಅಲ್ಲಿ ತೋರಿಸಬೇಕು, ಛಲೋ ಮಾಡಿದವರೊಬ್ಬರನ್ನು ಕೇಂದ್ರದಲ್ಲೇ ಕಲಿಸುವ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಅತ್ತೆಗೆ ಆ ಮಾತು ಹಿಡಿಸಿರಲಿಲ್ಲ. ರಾಮದುರ್ಗದ ಕಡೆಯಿಂದ ಒಂದು ಸಂಬಂಧ ಆಗಲೇ ಬಂದಿತ್ತು, ವರನಿಗೆ ಎರಡನೆಯ ಮದುವೆ. ಕೆಲಸ ಸಿಕ್ಕರೆ ಹೋಗಲಿ, ಸಿಗದಿದ್ದರೆ ಲಗ್ನ ಮಾಡುವುದೇ ಸೈ ಎಂದು ನಮ್ಮ ಮನೆಯವರು ಇಬ್ಬರ ನಡುವೆ ತೀರ್ಮಾನ ಮಾಡಿದ್ದರು. ಹೀಗಾಗಿ ನೀಲಾಳ ಮುಂದಿನ ಬದುಕೆಲ್ಲ ಆ ಕೂಟಕ್ಕೆ ಜೋತುಬಿದ್ದಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾವ ದೇವರ ಮುಂದೆಯೂ ಹೇಳಲಾರೆ.

ಅವಳು ಮಾಡಲು ಹೊರಟಿದ್ದು ಚೌಕಾಬಾರ. ಕಣ್ಣಿಲ್ಲದವರು ಬರೀ ಕಿವಿಯಿಂದ ಆಡುವ ಚೌಕಾಬಾರ. ಗುಂಡಿ ಒತ್ತಿದರೆ ನಾಲ್ಕು ಕವಡೆ ನೆಲಕ್ಕೆ ಬಿದ್ದ ಸಪ್ಪಳ, ಆಮೇಲೆ ಎಷ್ಟು ಬಿತ್ತು ಎಂದು ಹೇಳುವ ದನಿ, ಕಾಯಿ ಯಾವ ಮನೆಗೆ ಹೋಯಿತು, ಯಾರು ಯಾರನ್ನು ಹೊಡೆದರು, ಈಗ ಯಾರ ಪಾಳಿ, ಎಲ್ಲವನ್ನೂ ಆಟವೇ ಬಾಯಿಬಿಟ್ಟು ಹೇಳಬೇಕು. ಆ ಬಾಯಿ ಯಾವುದಿರಬೇಕು ಎನ್ನುವುದೇ ಅವಳ ತಲೆಯನ್ನು ಹದಿನೈದು ದಿನ ತಿಂದಿತು.

ಅದಕ್ಕೆ ಮೂರು ದಾರಿ ಇದ್ದವಂತೆ. ಕಣ್ಣಿಲ್ಲದವರ ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಬರೆದದ್ದನ್ನು ಓದಿ ಹೇಳುವ ಒಂದು ವ್ಯವಸ್ಥೆ ಮೊದಲೇ ಇರುತ್ತದೆ. ಎಲ್ಲವನ್ನೂ ಅದಕ್ಕೇ ಒಪ್ಪಿಸುವುದು ಒಂದು ದಾರಿ. ಒಬ್ಬೊಬ್ಬರು ತಮಗೆ ಬೇಕಾದಷ್ಟು ವೇಗದಲ್ಲಿ ಅದನ್ನು ಓಡಿಸಿಕೊಂಡಿರುತ್ತಾರೆ, ಸಾಕಾದರೆ ಒಂದು ಗುಂಡಿ ಒತ್ತಿ ಮಾತಿನ ನಡುವೆಯೇ ಬಾಯಿ ಮುಚ್ಚಿಸುತ್ತಾರೆ. ಆಟವೇ ಯಂತ್ರದ ದನಿಯಲ್ಲಿ ಮಾತಾಡುವ ಹಾಗೆ ಮಾಡುವುದು ಇನ್ನೊಂದು. ಮನುಷ್ಯರ ದನಿ ಹಿಡಿದು, ಮಾತು ಮಾತಾಗಿ ತುಂಡು ಮಾಡಿ, ಬೇಕಾದಲ್ಲಿ ಜೋಡಿಸುವುದು ಮೂರನೆಯದು. ನನಗೆ ತಿಳಿಯಲೆಂದು ನೀಲಾ ರೊಟ್ಟಿಯ ಲೆಕ್ಕದಲ್ಲಿ ಹೇಳಿದಳು. ಯಂತ್ರದ ದನಿ ಅಂದರೆ ಬಿಸಿ ರೊಟ್ಟಿ, ಯಾವಾಗ ಏನು ಬರೆದು ಕೊಟ್ಟರೂ ಅಲ್ಲೇ ಬಡಿದು ಕೊಡುತ್ತದೆ. ಮನುಷ್ಯರ ದನಿ ಖಡಕ್ ರೊಟ್ಟಿ. ಮೊದಲೇ ಮಾಡಿ ಡಬ್ಬಿಯಲ್ಲಿಡಬೇಕು, ಇಟ್ಟಷ್ಟೇ ಇರುತ್ತದೆ, ಮಾಡದೆ ಬಿಟ್ಟದ್ದು ಆಮೇಲೆ ಸಿಗುವುದಿಲ್ಲ.

ಯಂತ್ರದ ದಾರಿಯೇ ಸುಲಭ ಎಂದು ಸರ್ ಹೇಳಿದ್ದರಂತೆ. ಆದರೆ ಆಗಿನ ಆ ಯಂತ್ರಕ್ಕೆ ಇಂಗ್ಲಿಷ್ ಒಂದೇ ಗೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕೊಟ್ಟರೆ ಕವಡಿಗೆ ‘ಕೆವಾಡಾಯ್’ ಎನ್ನುತ್ತಿತ್ತು. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಅದನ್ನು ಕೇಳಿ, ಬಾಯಾಗ ಹುಣ್ಣ ಆಗ್ಯಾವೇನ ಅದಕ್ಕ ಎಂದು ಕೇಳಿದ್ದರು. ನೀಲಾಗೆ ಇಂಗ್ಲಿಷ್ ಬಾರದ ನಮ್ಮ ಕಡೆಯ ಮುದುಕರೂ ಮಕ್ಕಳೂ ಆಡಬೇಕೆಂಬ ಆಸೆ. ಅದಕ್ಕೇ ಮೂರನೆಯ ದಾರಿ ಹಿಡಿದಳು. ತನ್ನ ದನಿಯನ್ನೇ ತಾನು ಕೇಳುತ್ತ ಆಡಿದರೆ ಒಬ್ಬಳೇ ಕುಳಿತು ಮಾತಾಡಿದಂತಾಗುತ್ತದೆ, ಆಟ ಅನಿಸುವುದಿಲ್ಲ ಎಂದು ನನ್ನ ಕಡೆ ತಿರುಗಿದಳು.

‘ವೈನಿ, ನಿಮ್ಮ ದನಿ ಕೊಡ್ರಿ’ ಎಂದಳು.

ನನ್ನ ದನಿಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಈ ಮನೆಯಲ್ಲಿ ನನ್ನ ದನಿ ಊಟಕ್ಕೆ ಕರೆಯಲು, ಹಾಲಿನವನನ್ನು ನಿಲ್ಲಿಸಲು ಅಷ್ಟೇ. ಪೇಪರು ಓದುತ್ತ ಕುಳಿತ ಮನೆಯವರಿಗೆ ಮೂರು ಸಲ ಹೇಳಿದರೆ ಒಂದು ಸಲ ಹೂಂ ಅನ್ನುತ್ತಿದ್ದರು. ಹೀಗಿರುವಾಗ ಒಬ್ಬಳು ಬಂದು ನಿಮ್ಮ ದನಿ ಬೇಕು ಅಂದರೆ ಹಿಗ್ಗದೆ ಇರುವುದು ಹೇಗೆ? ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಾನೇ ನಾಲ್ಕು ಮಾತಾಡಿ ಕೇಳಿಕೊಂಡೆ.

ಗದ್ದಲವಿಲ್ಲದ ಹೊತ್ತು ಬೇಕಿತ್ತು. ಪಕ್ಕದ ಹಿಟ್ಟಿನ ಗಿರಣಿ ಆರೂವರೆಗೆ ಶುರುವಾಗುತ್ತಿತ್ತು. ಅದಕ್ಕೆ ಐದಕ್ಕೇ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಯಾರ ಜೊತೆಗೂ ಮಾತಾಡುವ ಮೊದಲೇ ಕಾಳಿನ ಕೋಣೆಗೆ ಹೋಗುತ್ತಿದ್ದೆ. ಮೂರೂ ಕಡೆ ಜೋಳದ ಚೀಲ ಇದ್ದುದರಿಂದ ಅಲ್ಲಿ ದನಿ ಗುಂಯ್‌ಗುಡುತ್ತಿರಲಿಲ್ಲ. ಮೇಲೆ ಕೌದಿ. ಕೌದಿಯೊಳಗೆ ನಾನು, ಮೈಕು, ಬೆವರು. ಆ ಶ್ರಾವಣದಲ್ಲಿ ಮಳೆ ತಗಡಿನ ಮೇಲೆ ಹೊಯ್ದೇ ಹೊಯ್ದಿತು. ಮಳೆ ನಿಂತ ದಿನ ಕರೆಂಟು ಇರುತ್ತಿರಲಿಲ್ಲ, ಕರೆಂಟು ಇದ್ದ ದಿನ ಮಳೆ. ಎರಡೂ ಕೂಡಿಬಂದ ದಿನ ಒಂದು ತಾಸು ಸಿಕ್ಕರೆ ಅದೇ ಶಿವನ ದಯೆ. ಮಾತಿನ ಕಡೆಗೆ ದನಿ ಇಳಿಸಬ್ಯಾಡ್ರಿ, ಜೋಡಿಸಿದಾಗ ಹೊಲಿಗಿ ಕಾಣತೈತಿ ಎಂದು ನೀಲಾ ಹೊರಗಿನಿಂದ ಹೇಳುತ್ತಿದ್ದಳು. ‘ಮೂರು ಬಿತ್ತು.’ ‘ಹದಿನಾಲ್ಕನೇ ಮನಿ.’ ‘ನಿಮ್ಮ ಪಾಳಿ ಅಲ್ರೀ.’ ಒಂದೊಂದನ್ನು ಹತ್ತು ಹತ್ತು ಸಲ ಹೇಳುತ್ತಿದ್ದೆ. ನನ್ನ ಬಾಯಿಂದ ಇಷ್ಟು ಜನಕ್ಕೆ ಪಾಳಿ ಬರುತ್ತದೆ ಎಂದುಕೊಂಡು ಬೆವರು ಒರೆಸಿಕೊಳ್ಳುತ್ತಿದ್ದೆ.

ಅಂಕಿಗಳನ್ನು ಹೇಳಿದ ದಿನ ನಾನು ಲಾಭದಿಂದ ಶುರುಮಾಡಿದೆ. ಕಾಳು ಅಳೆಯುವಾಗ ಮೊದಲ ಸೇರಿಗೆ ನಾವು ಒಂದು ಅನ್ನುವುದಿಲ್ಲ, ಕಾಳು ಹೆಚ್ಚಲಿ ಎಂದು ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ತವರಿನಲ್ಲಿ ಹಾಗೆ, ಇಲ್ಲೂ ಹಾಗೆ. ಅದರಲ್ಲೂ ಪೂಜೆ ಮುಗಿಸಿ ಬಂದು ಕಾಳಿನ ಕೋಣೆಯಲ್ಲಿ ಕುಳಿತು ದಿನದ ಮೊದಲ ಮಾತಾಗಿ ಬರೀ ‘ಒಂದು’ ಅನ್ನಲು ನನ್ನ ನಾಲಿಗೆ ಏಳುವುದೇ ಇಲ್ಲ. ‘ಲಾಭ ಬಿತ್ತು’ ಎಂದೆ. ನೀಲಾ ಕೇಳಿದಳು, ಕತ್ತರಿಸಿದಳು, ಜೋಡಿಸಿದಳು. ಅವಳಿಗೂ ಏನೂ ಅನಿಸಲಿಲ್ಲ. ಅವಳೂ ಅದೇ ಕೋಣೆಯ ಬಾಗಿಲಲ್ಲಿ ಆಡಿ ಬೆಳೆದವಳು. ಅವಳ ಕಿವಿಗೂ ಲಾಭ ಅಂದರೆ ಒಂದೇ.

ಭಾದ್ರಪದದಲ್ಲಿ ಕಿತ್ತೂರಿನಿಂದ ಜುಬೇದಾ ಬಂದಳು. ನೀಲಾ ಜೊತೆ ಕಲಿತವಳು, ಅವಳಿಗೂ ಕಣ್ಣಿಲ್ಲ. ಅವಳ ತಂದೆ ಟೆಂಪೊ ಓಡಿಸುತ್ತಿದ್ದರು, ಮುಂಜಾನೆ ಬಿಟ್ಟುಹೋಗಿ ಸಂಜೆ ಕರೆದೊಯ್ಯುವವರಿದ್ದರು. ಇಬ್ಬರೂ ಆಟ ಹಚ್ಚಿದರು. ನಾನು ಚಹಾ ತೆಗೆದುಕೊಂಡು ಹೋಗುವಾಗ ಬಾಗಿಲಲ್ಲೇ ನಿಂತೆ, ನನ್ನ ದನಿ ಕೇಳೋಣ ಅಂತ.

‘ಲಾಭ ಅಂದ್ರ ಎಷ್ಟಲೇ?’ ಎಂದಳು ಜುಬೇದಾ.

‘ಒಂದು. ಕಾಳು ಅಳ್ಯಾಗ ಅನ್ನೂದಿಲ್ಲೇನ ನೀವು?’

‘ನಮ್ಮನ್ಯಾಗ ಹೊಲಾನೂ ಇಲ್ಲ, ಕಾಳೂ ಇಲ್ಲ. ಸ್ಟೇರಿಂಗ್ ಐತಿ. ನಾ ಏನೋ ಬೋನಸ್ ಬಂತು ಅಂತ ತಿಳದ್ನಿ.’ ಇಬ್ಬರೂ ನಕ್ಕರು. ಜುಬೇದಾ ನಗುತ್ತಲೇ ಮುಂದುವರಿಸಿದಳು. ‘ಮತ್ತ ನಿಮ್ಮ ವೈನಿ ಏನ ಪುರಾಣ ಹೇಳಾಕತ್ತಾರೇನಲೇ? ಮೂರು ಬಿತ್ತು ಅನ್ನೂದ್ರಾಗ ನಾ ಮೂರು ಸಲ ಆಡತೇನಿ.’

ನೀಲಾ ಅಂದಳು: ‘ಊಟಕ್ಕ ಬಡಸೋ ದನಿ ಅದು, ನಿಧಾನ. ನಾ ಒಬ್ಬಾಕೀನ ಆಡುಮುಂದ ವೈನೀನ್ನ ಬಂದ್ ಮಾಡಿ ಮಶೀನ್ ಹಚ್ಕೋತೇನಿ.’

ಚಹಾ ಇಟ್ಟು ಬಂದೆ. ಏನೂ ಕೇಳಿಸದವಳ ಹಾಗೆ ಬಿಸ್ಕೀಟು ಬೇಕೇನು ಎಂದೂ ಕೇಳಿದೆ. ಅಡುಗೆಮನೆಗೆ ಬಂದು ಚಹಾದ ಪಾತ್ರೆ ತಿಕ್ಕಿದೆ. ಈಗ ಯೋಚಿಸಿದರೆ ಅದರಲ್ಲಿ ತಪ್ಪೇನಿರಲಿಲ್ಲ. ಕಣ್ಣಿದ್ದವರು ಪುಟದ ಮೇಲೆ ಕಣ್ಣಾಡಿಸಿದ ಹಾಗೆ ಅವರು ಯಂತ್ರದ ದನಿಯ ಮೇಲೆ ಕಿವಿಯಾಡಿಸುತ್ತಾರೆ. ನನ್ನ ಮಾತು ಮುಗಿಯುವವರೆಗೆ ಕಾಯುವುದೆಂದರೆ, ಬರುವ ಓದನ್ನು ಬಿಟ್ಟು ಕಾಗುಣಿತ ಹೇಳುತ್ತ ಕೂತ ಹಾಗೆ. ಆ ದಿನ ನನಗೆ ಕೇಳಿಸಿದ್ದು ಇಷ್ಟೇ. ನಲವತ್ತು ದಿನ ಬೆವರಿ ಕೊಟ್ಟ ದನಿಯನ್ನು ಅವಳು ಬಂದ್ ಮಾಡಿಕೊಂಡು ಆಡುತ್ತಾಳೆ.

ಸಂಜೆ ಜುಬೇದಾ ಹೋದ ಮೇಲೆ ನೀಲಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ವೈನಿ, ಒಂದ ಶಬ್ದ ಉಳದೈತಿ, ಬರೇ ‘ಒಂದು’ ಅಂತ ಅನಬೇಕು, ಕಾಳಿನ ಖೋಲಿ ಬ್ಯಾಡ, ದೇವರ ಖೋಲ್ಯಾಗ ಕುಂತು ಅನ್ರಿ ಎಂದಳು. ನನ್ನ ನೇಮ ಅವಳಿಗೆ ಗೊತ್ತಿತ್ತು, ಅದಕ್ಕೂ ದಾರಿ ಹುಡುಕಿಕೊಂಡೇ ಬಂದಿದ್ದಳು. ನೋಡೋಣ ಎಂದೆ. ಮರುದಿನ ತಲೆನೋವು ಎಂದೆ. ಆಮೇಲೆ ನವರಾತ್ರಿಯ ಸಾರಣೆ ಕಾರಣೆ ಎಂದೆ. ಗಂಟಲು ಕಟ್ಟಿದೆ ಎಂದೂ ಒಂದು ದಿನ ಸುಳ್ಳು ಹೇಳಿದೆ. ಪೂಜೆ ಮುಗಿಸಿದ ಬಾಯಿಂದಲೇ ಹೇಳಿದೆ.

ಅವಳು ತನ್ನ ದನಿಯಲ್ಲಿ ‘ಒಂದು’ ಹಿಡಿದು ಸೇರಿಸಿ ನೋಡಿದಳು. ನನ್ನ ದನಿಗಳ ನಡುವೆ ಅದು ಬೇರೆಯವರು ಆಟಕ್ಕೆ ಬಂದ ಹಾಗೆ ಕೇಳುತ್ತಿತ್ತು, ತೆಗೆದುಬಿಟ್ಟಳು. ಲಾಭ ಅಂದರೆ ಒಂದು ಎಂದು ಆಟದ ಮೊದಲಿಗೆ ಯಂತ್ರದ ಬಾಯಲ್ಲಿ ಹೇಳಿಸಿದಳು. ಅದು ‘ಲ್ಯಾಭಾ ಆಂಡ್ರೆ ಆಂಡು’ ಎಂದಿತು. ಅತ್ತೆ ನಕ್ಕರು. ನಾನೂ ನಕ್ಕೆ, ದೇವರು ನೋಡುತ್ತಿದ್ದ.

ದಸರೆಯ ಸಂಜೆ ಬನ್ನಿ ಕೊಡುವಾಗ ಜಗಳ ಮರೆಯಬೇಕು. ಬನ್ನಿ ಎಲೆಯನ್ನೇ ಬಂಗಾರ ಎಂದು ಕೈಗಿಟ್ಟು, ಬಂಗಾರದಂಗ ಇರೂಣು ಎಂದು ಹೇಳುವ ದಿನ. ನೀಲಾ ಕಾಲಿಗೆ ಬಿದ್ದಳು. ಅವಳ ಅಂಗೈಯಲ್ಲಿ ಬನ್ನಿ ಇಟ್ಟೆ. ಅವಳು ನನ್ನ ಕೈಯನ್ನು ಬಿಡಲಿಲ್ಲ.

‘ವೈನಿ, ಬಂಗಾರ ಕೊಟ್ರಿ. ಅದರ ಜೋಡಿ ಒಂದು ‘ಒಂದು’ ಕೊಡ್ರಿ. ನಾಡದ ಧಾರವಾಡಕ್ಕ ಹೋಗೂದೈತಿ.’

‘ನಂದು ಬಡಸೋ ದನಿ’ ಎಂದೆ. ‘ನಿನ್ನ ಮಶೀನಿಗೆ ಕೇಳ.’

ಆಗ ಅವಳಿಗೆ ತಿಳಿಯಿತು. ಕೈ ಬಿಟ್ಟಳು. ಬನ್ನಿಯ ಎಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ ಸೆರಗಿಗೆ ಕಟ್ಟಿಕೊಂಡಳು. ಮತ್ತೆ ಕೇಳಲಿಲ್ಲ.

ಧಾರವಾಡಕ್ಕೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ದೊಡ್ಡ ಕೋಣೆ, ಮೂವತ್ತು ನಲವತ್ತು ಜನ, ಹೆಚ್ಚಿನವರು ಕಣ್ಣಿಲ್ಲದವರು. ಬೆಂಗಳೂರಿನ ಕಡೆಯ ಒಬ್ಬ ಮೇಡಂ ಯಾರದು ಛಲೋ ಎಂದು ನೋಡಿ ಹೇಳುವವರಾಗಿ ಬಂದಿದ್ದರು. ನೀಲಾಳ ಪಾಳಿ ಬಂತು. ಆಡಲು ಹಾಸನದ ಕಡೆಯ ಒಬ್ಬ ಮಾಸ್ತರರನ್ನು ಕೂರಿಸಿದರು, ಅವರೂ ಅಂಧರೇ. ಕವಡೆ ಬಿದ್ದ ಸಪ್ಪಳಕ್ಕೆ ಇಡೀ ಕೋಣೆ ಆಹಾ ಎಂದಿತು. ಆಮೇಲೆ ಸ್ಪೀಕರಿನ ದೊಡ್ಡ ಡಬ್ಬಿಯಿಂದ ನನ್ನ ದನಿ ಬಂತು. ‘ಮೂರು ಬಿತ್ತು.’ ಅಷ್ಟು ಜನ ನನ್ನ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು, ಅದೇ ಕೊನೆ.

ನಾಲ್ಕನೆಯ ಸಲಕ್ಕೆ ‘ಲಾಭ ಬಿತ್ತು’ ಎಂದಿತು.

ಚೌಕಾಬಾರದಲ್ಲಿ ನಾಲ್ಕು ಬಿದ್ದರೆ, ಎಂಟು ಬಿದ್ದರೆ ಇನ್ನೊಮ್ಮೆ ಕವಡೆ ಹಾಕಬಹುದು. ಮೊದಲಿಗೆ ಯಂತ್ರ ಹೇಳಿದ ‘ಆಂಡು’ ಅರ್ಥವಾಗದ ಮಾಸ್ತರರು ಲಾಭ ಬಿದ್ದರೂ ಇನ್ನೊಂದು ಆಟ ಸಿಕ್ಕಿತೆಂದು ತಿಳಿದರು. ಗುಂಡಿ ಒತ್ತಿದರು. ‘ನಿಮ್ಮ ಪಾಳಿ ಅಲ್ರೀ’ ಎಂದಿತು ನನ್ನ ದನಿ. ಮತ್ತೆ ಒತ್ತಿದರು. ‘ನಿಮ್ಮ ಪಾಳಿ ಅಲ್ರೀ.’ ಲಾಭ ಬಂತು ಅಂದರಲ್ಲ, ಎಲ್ಲಿ ಹೋಯಿತು ಎಂದು ಅವರು ಕೇಳಿದರು. ಕೋಣೆ ನಗತೊಡಗಿತು. ಅವರು ಪಾಪ, ಗಾಬರಿಯಲ್ಲಿ ಒತ್ತುತ್ತಲೇ ಹೋದರು, ನಾನು ಅಲ್ರೀ ಅಲ್ರೀ ಎನ್ನುತ್ತಲೇ ಹೋದೆ. ಅದನ್ನು ನಡುವೆ ನಿಲ್ಲಿಸಲು ಬರುವುದಿಲ್ಲ, ಹೇಳಿದ್ದು ಮುಗಿಯಲೇಬೇಕು. ನೀಲಾ ಎದ್ದು ನಿಂತು ಲಾಭ ಅಂದರೆ ಒಂದು ಎಂದು ವಿವರಿಸಲು ಹೋದಳು. ಆ ನಗೆಯಲ್ಲಿ ಅವಳ ಮಾತು ಯಾರಿಗೂ ಮುಟ್ಟಲಿಲ್ಲ. ನಾನು ಗೋಡೆಗೆ ಆತು ನಿಂತಿದ್ದೆ. ಬಾಯಿ ತೆರೆದು ‘ಒಂದು’ ಎಂದು ಕೂಗಿದ್ದರೆ ಅದೇ ದನಿ, ಅಲ್ಲೇ ಇತ್ತು. ಕೂಗಲಿಲ್ಲ.

ಮೇಡಂ ಕೆಟ್ಟವರಲ್ಲ. ಕವಡೆಯ ಸಪ್ಪಳವನ್ನು ಹೊಗಳಿದರು. ಆದರೆ ಇದು ಮನೆಯವರು ಮನೆಯವರಿಗಾಗಿ ಮಾಡಿದ ಆಟದ ಹಾಗಿದೆ, ಹೊರಗಿನವರಿಗೆ ತಿಳಿಯುವುದಿಲ್ಲ, ಕಲಿಸುವವರಿಗೆ ಅಷ್ಟು ಎಚ್ಚರ ಇರಬೇಕು ಎಂದರು. ಕೆಲಸ ಇನ್ನೊಬ್ಬರಿಗೆ ಹೋಯಿತು. ಅವರ ಆಟದಲ್ಲಿ ಎಲ್ಲವೂ ಯಂತ್ರದ ಬಾಯಿ, ಎಲ್ಲವೂ ಇಂಗ್ಲಿಷ್, ಒನ್ನು ಟೂ.

ಬಸ್ಸು ಕಿತ್ತೂರು ದಾಟಿತು. ಆಮೇಲೆ ಅವಳೇ, ‘ವೈನಿ, ದೊಡ್ಡ ಡಬ್ಬ್ಯಾಗ ನಿಮ್ಮ ದನಿ ಭಾಳ ಛಲೋ ಕೇಳಿಸ್ತು’ ಎಂದಳು. ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ.

ದೀಪಾವಳಿಗೆ ಮೊದಲೇ ಕಂಪ್ಯೂಟರನ್ನು ವಾಪಸು ಒಯ್ದರು. ಮುಂದಿನ ವೈಶಾಖದಲ್ಲಿ ರಾಮದುರ್ಗದ ಕಡೆಯ ಆ ವರನ ಜೊತೆಗೇ ನೀಲಾಳ ಲಗ್ನವಾಗಿ ಕಟಕೋಳಕ್ಕೆ ಹೋದಳು. ಆತನದು ಕಿರಾಣಿ ಅಂಗಡಿ, ಮೊದಲ ಹೆಂಡತಿ ತೀರಿಹೋಗಿದ್ದಳು. ಕೈ ಮಾಡುವವನಲ್ಲ, ಅದು ಶಿವನ ದಯೆ. ಮಗಳು ಹುಟ್ಟಿದಳು, ಅವಳಿಗೆ ಕಣ್ಣು ಕಾಣುತ್ತವೆ, ಅದೂ ದಯೆ. ಹೊಟ್ಟೆಗೆ ಬಟ್ಟೆಗೆ ಕೊರತೆ ಇಲ್ಲ. ಇಂಥವನ್ನೇ ನಾನು ಸೋಮವಾರ ಸೋಮವಾರ ಎಣಿಸುತ್ತೇನೆ. ಎಷ್ಟು ಎಣಿಸಿದರೂ ಆ ಒಂದು ಕೂಡುವುದಿಲ್ಲ.

ಕೌದಿಯನ್ನು ಆ ದಿನ ಒಗೆಯಲಿಲ್ಲ. ಹಾಗೇ ಚೀಲದಲ್ಲಿ ತುಂಬಿಕೊಂಡು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಕಟಕೋಳಕ್ಕೆ ಹೋದೆ. ತಪ್ಪಾಯಿತು ಎಂದು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನೀಲಾ ಕೌದಿಯನ್ನು ಮುಖಕ್ಕೆ ಹಿಡಿದು, ಅದೇ ಐತಲ್ರಿ ವೈನಿ, ಇದರಾಗ ಕುಂತು ಎಷ್ಟ ಬೆವರತಿದ್ರಿ ನೀವು ಎಂದು ನಕ್ಕಳು. ಅವಳ ಕೈಯಲ್ಲಿ ಮೊಬೈಲಿತ್ತು. ಅದು ಈಗ ಕನ್ನಡ ಕಲಿತಿದೆ, ಗಿರಣಿ ಓಡಿದ ಹಾಗೆ ಮಾತಾಡುತ್ತದೆ, ನನಗೆ ಒಂದಕ್ಷರ ತಿಳಿಯಲಿಲ್ಲ. ಅವಳು ಹೂಂ ಹೂಂ ಎಂದು ಕೇಳಿ ನಡುವೆಯೇ ಒತ್ತಿ ಬಾಯಿ ಮುಚ್ಚಿಸಿದಳು.

‘ಆಟ ಏನರ ಆಡ್ತೀಯೇನವಾ ಅದರಾಗ?’ ಎಂದೆ.

‘ವ್ಯಾಳ್ಯಾ ಎಲ್ಲೈತ್ರಿ’ ಎಂದಳು.

ತಪ್ಪಿನ ಮಾತು ಎತ್ತಬೇಕು ಅನ್ನುವಷ್ಟರಲ್ಲಿ ಅವಳೇ ಎದ್ದಳು. ಬೀಸಲು ಜೋಳ ಕಳಿಸಬೇಕು, ಒಂದು ನಿಮಿಷ ಕುಂದರ್ರಿ ಎಂದು ಒಳಗಿನ ಕೋಣೆಗೆ ಹೋಗಿ ಚೀಲದ ಬಾಯಿ ಬಿಚ್ಚಿದಳು. ನಾನು ಬಾಗಿಲಿಗೆ ಬಂದು ನಿಂತೆ. ಸೇರು ಕಾಳಿನೊಳಗೆ ಇಳಿದ ಸಪ್ಪಳ, ಬುಟ್ಟಿಗೆ ಸುರಿದ ಸಪ್ಪಳ. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ, ಆಮೇಲೆ ನನ್ನ ಬಾಯಲ್ಲಿ ಅವಳು ಕೇಳಿದ ಮಾತು ಈಗ ಬರುತ್ತದೆ ಎಂದು ಕಾದೆ.

‘ಒಂದು’ ಎಂದಳು ನೀಲಾ. ದನಿ ಇಳಿಸದೆ, ಕಡೆಯವರೆಗೂ ಒಂದೇ ಸಮ.